ವಾರಕ್ಕೊಂದು ಪುಸ್ತಕ

ಸಂಕಲ್ಪ ಮಾಡುವುದಕ್ಕೆ ಮನುಷ್ಯನಿಗೆ ಒಂದು ಮುಹೂರ್ತ ಬೇಕು. ಯಾವುದೋ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಎದ್ದು ನಿಂತು ‘ಇಂದಿನಿಂದ ನಾನು ಎಲೆ ಅಡಿಕೆ ಬಿಟ್ಟೆ’ ಎಂದು ಸಾರಿದವರನ್ನು ನಾನು ಕಂಡಿಲ್ಲ. ಯುಗಾದಿಯೋ, ದೀಪಾವಳಿಯ ಪಾಡ್ಯವೋ, ಅದೂ ಇಲ್ಲವಾದರೆ ಜನವರಿಯ ಮೊದಲನೆಯ ತಾರೀಖೋ ಬಂದಾಗಲೇ ನಮ್ಮೊಳಗೆ ಮಲಗಿರುವ ಸತ್ಪುರುಷನು ಮಗ್ಗುಲು ಬದಲಿಸಿ ಎದ್ದು ಕೂಡುತ್ತಾನೆ. ಎದ್ದವನು ಎರಡು ವಾರ ನಡೆದಾಡಿ, ತರುವಾಯ ಸಂಕ್ರಾಂತಿಯ ಎಳ್ಳುಬೆಲ್ಲ ತಿಂದು ಮತ್ತೆ ಮಲಗುವುದು ಲೋಕರೂಢಿ. ಈ ರೂಢಿಯನ್ನು ಮುರಿಯಬೇಕೆಂದೇ ನಾನು ಕಳೆದ ವರ್ಷದ ಆರಂಭಕ್ಕೆ ಒಂದು ರಟ್ಟಿನ ವಹಿಯನ್ನು ಕೊಂಡು, ಅದರ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ‘೫೨’ ಎಂದು ಬರೆದೆ. ವರ್ಷಕ್ಕೆ ಐವತ್ತೆರಡು ಪುಸ್ತಕ, ಅಂದರೆ ವಾರಕ್ಕೊಂದು.

ಲೆಕ್ಕದಲ್ಲಿ ಇದು ಬಹು ಸುಲಭ. ನನ್ನದು ಲೆಕ್ಕ ಬರೆಯುವ ಉದ್ಯೋಗವೇ ಆದುದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ. ಪುಸ್ತಕಕ್ಕೆ ಸರಾಸರಿ ೨೫೦ ಪುಟ ಹಿಡಿದರೆ ವರ್ಷಕ್ಕೆ ೧೩,೦೦೦ ಪುಟಗಳಾದುವು. ದಿನಕ್ಕೆ ಹಂಚಿದರೆ ೩೬ ಪುಟ. ಗಂಟೆಗೆ ಇಪ್ಪತ್ತೈದು ಪುಟ ಓದುವವನಿಗೆ ಒಂದೂವರೆ ಗಂಟೆಯ ಕೆಲಸ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂದೂವರೆ ಗಂಟೆ ಯಾವ ಮೂಲೆಗೆ? ಮೊಬೈಲನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತೀಡುವುದರಲ್ಲಿ ಅದಕ್ಕಿಂತ ಹೆಚ್ಚಿನ ಹೊತ್ತು ಹೋಗುತ್ತದೆಂದು ಆ ಮೊಬೈಲೇ ವಾರಕ್ಕೊಮ್ಮೆ ನನಗೆ ತಿಳಿಸುತ್ತದೆ. ಅಂದಮೇಲೆ ಜಮೆಯ ಬದಿಯಲ್ಲಿ ಕಾಲವಿದೆ, ಖರ್ಚಿನ ಬದಿಯಲ್ಲಿ ಪುಸ್ತಕವಿದೆ. ತಾಳೆ ಬೀಳದಿರಲು ಕಾರಣವೇ ಇಲ್ಲ.

ಆದರೆ ಮನುಷ್ಯನ ದಿನವೆಂಬುದು ಲೆಕ್ಕದ ದಿನವಲ್ಲ. ನಮ್ಮ ಮನೆ ಬೀದರದಲ್ಲಿ, ಚೌಬಾರದ ಹತ್ತಿರ. ಉದ್ಯೋಗ ಭಾಲ್ಕಿಯಲ್ಲಿ. ಮಾವನವರ ಮನೆ ಔರಾದದಲ್ಲಿ. ಈ ಮೂರು ಊರುಗಳ ನಡುವೆ ವರ್ಷವಿಡೀ ಓಡಾಡುವವನು ನಾನು. ಬೀದರದಿಂದ ಭಾಲ್ಕಿಗೆ ರೈಲಿನಲ್ಲಿ ಹೋಗಿಬರುವ ಹೊತ್ತನ್ನೇ ಓದಿಗೆ ಮೀಸಲಿಡಬೇಕೆಂದು ನಾನು ಎಣಿಸಿದ್ದುಂಟು. ಓದುವುದಕ್ಕೆ ರೈಲಿಗಿಂತ ಒಳ್ಳೆಯ ಜಾಗವಿಲ್ಲವೆಂದು ದೊಡ್ಡ ದೊಡ್ಡವರು ಬರೆದಿದ್ದಾರೆ. ಅವರು ನಮ್ಮ ಕಡೆಯ ರೈಲನ್ನು ಹತ್ತಿದವರಲ್ಲವೆಂದು ತೋರುತ್ತದೆ. ಒಂದೇ ಡಬ್ಬಿಯಲ್ಲಿ ಒಬ್ಬರು ಕನ್ನಡದಲ್ಲಿ ತೊಗರಿಯ ಧಾರಣೆ ಕೇಳುತ್ತಾರೆ. ಇನ್ನೊಬ್ಬರು ದಖನಿ ಉರ್ದುವಿನಲ್ಲಿ ಉತ್ತರ ಕೊಡುತ್ತಾರೆ. ಉದಗೀರಿಗೆ ಹೊರಟ ಮೂರನೆಯವರು ಮರಾಠಿಯಲ್ಲಿ ಅದನ್ನು ಅಲ್ಲಗಳೆಯುತ್ತಾರೆ. ಝಹೀರಾಬಾದಿನ ಕಡೆಯಿಂದ ಬಂದ ನಾಲ್ಕನೆಯವರು ತೆಲುಗಿನಲ್ಲಿ ನಕ್ಕು ಸುಮ್ಮನಾಗುತ್ತಾರೆ. ಇಷ್ಟು ರಸವತ್ತಾದ ಮಾತು ಕಿವಿಗೆ ಬೀಳುತ್ತಿರುವಾಗ ಕಾದಂಬರಿಯ ಪಾತ್ರಗಳು ಪೇಲವವಾಗುವುದು ಸಹಜ.

ಅಷ್ಟರಲ್ಲಿ ಎದುರಿಗೆ ಕುಳಿತ ಹುಡುಗನೊಬ್ಬ ಬಾಗಿ ನೋಡಿ, “ಕಾಕಾ, ಏನ್ ಓದ್ಲತ್ತೀರಿ?” ಎಂದು ಕೇಳುತ್ತಾನೆ. ಪುಸ್ತಕದ ಹೆಸರು ಹೇಳಿದರೆ ಅವನಿಗೆ ಸಮಾಧಾನವಿಲ್ಲ. “ಪರೀಕ್ಷಾ ಅದಾ ಏನ್ರೀ?” ಎಂಬುದು ಮುಂದಿನ ಪ್ರಶ್ನೆ. ಪರೀಕ್ಷೆಯಿಲ್ಲದೆ, ನೌಕರಿಗೆ ಅರ್ಜಿ ಹಾಕದೆ, ಅರ್ಧ ತಲೆ ನರೆತ ಮನುಷ್ಯನೊಬ್ಬ ಪುಸ್ತಕ ಹಿಡಿದು ಕುಳಿತರೆ ಅದಕ್ಕೆ ಏನಾದರೂ ಕಾರಣವಿರಲೇಬೇಕೆಂಬುದು ಅವನ ನಂಬಿಕೆ. ಆ ಹುಡುಗನಿಗೆ ಉತ್ತರ ಹೇಳುವುದರೊಳಗೆ ಹಲಬರ್ಗಾ ಹಿಂದೆ ಬಿದ್ದಿರುತ್ತದೆ; ಭಾಲ್ಕಿ ಬಂದಾಗ ನಾನು ನಾಲ್ಕನೆಯ ಪುಟದಲ್ಲೇ ಇರುತ್ತೇನೆ.

ಇನ್ನು ತಿಂಗಳುಗಳ ಕಥೆ. ಜನವರಿಯಲ್ಲಿ ಐದು ಪುಸ್ತಕ ಮುಗಿದುವು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನೆಂಬ ಗಾದೆ ಸುಳ್ಳಲ್ಲ. ಫೆಬ್ರವರಿಯಲ್ಲಿ ಮೂರು. ಮಾರ್ಚಿನಲ್ಲಿ ಸೊನ್ನೆ, ಮಾರ್ಚ್ ೩೧ಕ್ಕೆ ವರ್ಷದ ಲೆಕ್ಕ ಮುಗಿಸುವ ಕಚೇರಿಗಳಲ್ಲಿ ದುಡಿಯುವವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳೆಂದರೆ ನಮ್ಮಲ್ಲಿ ಬಿಸಿಲು ಮತ್ತು ಲಗ್ನ. ಒಂದೇ ದಿನ ಭಾಲ್ಕಿಯಲ್ಲಿ ಅಕ್ಷತೆ ಹಾಕಿ, ಸಂತಪುರದ ದಾರಿ ಹಿಡಿದು ಔರಾದದಲ್ಲಿ ಊಟಕ್ಕೆ ಕುಳಿತದ್ದೂ ಉಂಟು. ಎರಡು ತಿಂಗಳಿಗೆ ಎರಡು ಪುಸ್ತಕ. ಜೂನಿನಲ್ಲಿ ಮಿರಗದ ಮಳೆ ಬಿದ್ದು ಎಲ್ಲರ ಬಾಯಲ್ಲೂ ಸೋಯಾ, ಹೆಸರು, ಉದ್ದಿನ ಬೀಜದ ಮಾತು, ಒಂದು ಪುಸ್ತಕ. ಅರ್ಧ ವರ್ಷಕ್ಕೆ ಇಪ್ಪತ್ತಾರು ಆಗಬೇಕಾಗಿದ್ದಲ್ಲಿ ಹನ್ನೊಂದಾಗಿದ್ದುವು. ಹದಿನೈದರ ಬಾಕಿ.

ಬಾಕಿ ಬಿದ್ದ ಮನುಷ್ಯನ ಬುದ್ಧಿ ಹೇಗೆ ಓಡುತ್ತದೆಂಬುದು ಸ್ವಾರಸ್ಯದ ವಿಷಯ. ಜುಲೈ ಹುಟ್ಟುತ್ತಲೇ ಕಪಾಟಿನ ಮುಂದೆ ನಿಂತ ನನ್ನ ಕಣ್ಣು ಪುಸ್ತಕಗಳ ಹೆಸರನ್ನು ಬಿಟ್ಟು ಅವುಗಳ ಬೆನ್ನಿನ ದಪ್ಪವನ್ನು ನೋಡತೊಡಗಿತು. ಎಂಬತ್ತು ಪುಟದ ನಾಟಕ ಪುಸ್ತಕವೆನಿಸುವುದೋ ಇಲ್ಲವೋ? ರಟ್ಟಿದ್ದ ಮೇಲೆ ಎನಿಸಲೇಬೇಕು. ಕವನಸಂಗ್ರಹ? ಪುಟಕ್ಕೆ ಹತ್ತೇ ಸಾಲಿದ್ದರೇನು, ಕವಿಗೆ ಅದು ಪುಸ್ತಕವಾದರೆ ನನಗೂ ಪುಸ್ತಕ. ಹಿಂದೆ ಓದಿದ್ದನ್ನು ಮತ್ತೆ ಓದಿದರೆ? ಇಲ್ಲಿ ವಹಿ ಬಹು ನಿಷ್ಠುರವಾಗಿತ್ತು. ಹೊಸದಲ್ಲದ್ದಕ್ಕೆ ಅದರಲ್ಲಿ ಅಂಕವಿರಲಿಲ್ಲ. ಅರ್ಧ ಓದಿ ಸೇರದೆ ಕೆಳಗಿಟ್ಟದ್ದಕ್ಕೂ ಇರಲಿಲ್ಲ. ಹೀಗಾಗಿ ಸೇರದ ಪುಸ್ತಕವನ್ನೂ ಕೊನೆಯವರೆಗೆ ಎಳೆದುಕೊಂಡು ಹೋಗಬೇಕು; ಸೇರಿದ ಪುಸ್ತಕದ ಬಳಿ ನಾಲ್ಕು ದಿನ ಹೆಚ್ಚಿಗೆ ಕೂಡುವ ಹಾಗಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ೧೯೬೭ರಲ್ಲಿ ಹೊರಬಂದುದು. ಏಳುನೂರು ಪುಟ ಮೀರಿದುದು. ಅದು ನಮ್ಮ ಕಪಾಟಿನಲ್ಲಿ ಬಹುಕಾಲದಿಂದ ಇದೆ. ಅದನ್ನು ಕೈಗೆತ್ತಿಕೊಂಡರೆ ಮೂರು ವಾರದ ಅಂಕ ಹೋಯಿತೆಂದೇ ಅರ್ಥ. ಆದುದರಿಂದ ಜುಲೈಯಿಂದ ಸೆಪ್ಟೆಂಬರದವರೆಗೆ ಅದರ ಇಕ್ಕೆಲದ ತೆಳು ಪುಸ್ತಕಗಳೆಲ್ಲ ಒಂದೊಂದಾಗಿ ಹೊರಬಂದುವು. ಅದು ಮಾತ್ರ ಇದ್ದಲ್ಲೇ ಇತ್ತು. ಹೆಚ್ಚು ಓದಬೇಕೆಂದು ಹಾಕಿಕೊಂಡ ಸಂಖ್ಯೆಯೇ ದೊಡ್ಡ ಪುಸ್ತಕಕ್ಕೆ ಬಾಗಿಲು ಹಾಕುವುದನ್ನು ನಾನು ಬೆರಗಿನಿಂದ ನೋಡಿದೆ. ಸಂಖ್ಯೆಗಳ ಸ್ವಭಾವವೇ ಹಾಗೆ. ಇಷ್ಟು ಮೈಲಿಗೆ ಇಷ್ಟು ಭತ್ಯವೆಂದರೆ ದಾರಿ ಉದ್ದವಾಗುತ್ತದೆ. ಇಷ್ಟು ಪುಸ್ತಕಕ್ಕೆ ಇಷ್ಟು ಅಂಕವೆಂದರೆ ಪುಸ್ತಕ ತೆಳ್ಳಗಾಗುತ್ತದೆ.

ಸಂಜೆ ನಿಲ್ದಾಣದಿಂದ ಮನೆಗೆ ಬರುವಾಗ ಒಮ್ಮೊಮ್ಮೆ ಮಹಮೂದ್ ಗವಾನನ ಮದರಸೆಯ ಎದುರಿಗೆ ನಿಲ್ಲುವುದುಂಟು. ಬಹಮನಿ ರಾಜ್ಯದ ಆ ಮಂತ್ರಿ ೧೪೭೨ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯವದು. ಅದರ ಪುಸ್ತಕಭಂಡಾರದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಇತಿಹಾಸಕಾರರು ಹೇಳುತ್ತಾರೆ. ಅಚ್ಚುಕೂಟಗಳಿಲ್ಲದ ಕಾಲ, ಪ್ರತಿಯೊಂದೂ ಕೈಯಿಂದ ಬರೆದುದು. ನನ್ನ ವಹಿಯ ವೇಗದಲ್ಲಿ, ಅದೂ ಒಂದು ವಾರವೂ ತಪ್ಪದೆ ಓದಿದರೆ, ಆ ಭಂಡಾರ ಮುಗಿಯುವುದಕ್ಕೆ ೫೭ ವರ್ಷ ಮೀರಿ ಬೇಕು. ಗವಾನನು ತಾನೇ ಗ್ರಂಥಕರ್ತ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಷಾ’ ಇಂದಿಗೂ ಉಳಿದಿದೆ. ೧೪೮೧ರಲ್ಲಿ, ವೈರಿಗಳು ಅವನ ಮುದ್ರೆಯೊತ್ತಿ ಸೃಷ್ಟಿಸಿದ ಒಂದು ಸುಳ್ಳು ಪತ್ರವನ್ನು ನಂಬಿ ಸುಲ್ತಾನನು ಅವನನ್ನು ಕೊಲ್ಲಿಸಿದನು. ಅಷ್ಟು ಓದಿ ಬರೆದವನ ಪ್ರಾಣ ಹೋದುದು ಇನ್ನೊಬ್ಬರು ಬರೆದ ಒಂದು ಹಾಳೆಯಿಂದ. ಹದಿನೇಳನೆಯ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಮದ್ದು ಸಿಡಿದು ಕಟ್ಟಡದ ಒಂದು ಭಾಗ ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಅದರ ಮೈಮೇಲೆ ನೀಲಿ, ಹಳದಿ ಹಂಚುಗಳ ತುಣುಕುಗಳು ಇನ್ನೂ ಇವೆ. ಒಳಗೆ ಪುಸ್ತಕಗಳಿಲ್ಲ. ಅಲ್ಲಿ ಓದಿದವರಲ್ಲಿ ಯಾರು ಎಷ್ಟು ಓದಿದರೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಓದುವುದಕ್ಕೊಂದು ಜಾಗವಿತ್ತೆಂಬುದು ಮಾತ್ರ ಐನೂರು ವರ್ಷ ಕಳೆದರೂ ಎಲ್ಲರಿಗೂ ಗೊತ್ತು.

ಈ ವಿಚಾರ ತಲೆಯಲ್ಲಿ ಹೊಕ್ಕ ಮೇಲೆ ನಮ್ಮ ಊರುಗಳಲ್ಲಿ ಜನ ಹೇಗೆ ಓದುತ್ತಾರೆಂದು ಸ್ವಲ್ಪ ಕಣ್ಣು ತೆರೆದು ನೋಡತೊಡಗಿದೆ. ಅಳತೆಯಿಟ್ಟುಕೊಂಡು ಓದುವುದು ನಾನು ಕಂಡುಹಿಡಿದುದಲ್ಲವೆಂದು ಆಗ ತಿಳಿಯಿತು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಹಿರಿಯ ಮಿತ್ರರು ರಮಜಾನಿನ ತಿಂಗಳಲ್ಲಿ ಕುರಾನನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುತ್ತಾರೆ. ಆ ಗ್ರಂಥಕ್ಕೆ ಮೂವತ್ತು ಭಾಗಗಳು. ತಿಂಗಳಿಗೆ ಮೂವತ್ತು ದಿನ. ಬೀದರದ ಗುರುನಾನಕ ಝೀರಾದ ಗುರುದ್ವಾರದಂಥ ಕಡೆಗಳಲ್ಲಿ ಅಖಂಡ ಪಾಠವೆಂಬ ಪದ್ಧತಿಯಿದೆ. ಗುರುಗ್ರಂಥ ಸಾಹೇಬದ ೧೪೩೦ ಪುಟಗಳನ್ನು ಸುಮಾರು ೪೮ ಗಂಟೆಗಳಲ್ಲಿ ನಿಲ್ಲಿಸದೆ ಓದುತ್ತಾರೆ. ಆದರೆ ಒಬ್ಬರೇ ಓದುವುದಿಲ್ಲ. ಒಬ್ಬರು ದಣಿದರೆ ಇನ್ನೊಬ್ಬರು ಬಂದು ಕೂಡುತ್ತಾರೆ, ಪಾಠ ನಿಲ್ಲುವುದಿಲ್ಲ. ಅವಸರವಿಲ್ಲದವರಿಗೆ ತಮ್ಮ ಅನುಕೂಲದಂತೆ ತಿಂಗಳುಗಟ್ಟಲೆ ಓದುವ ಸಹಜ ಪಾಠವೂ ಉಂಟು. ಶ್ರಾವಣ ಬಂತೆಂದರೆ ನಮ್ಮ ಕಡೆಯ ಮಠಗಳಲ್ಲಿ ತಿಂಗಳ ಪ್ರವಚನ. ಓದು ಬಾರದ ಮುದುಕಿಯರೂ ಅಂದಿನ ವಚನ ಯಾವುದೆಂದು ಮನೆಗೆ ಬಂದು ಹೇಳಬಲ್ಲರು.

ಔರಾದದಲ್ಲಿ ನಮ್ಮ ಮಾವನವರು ಮಾರ್ಗಶಿರದ ದತ್ತಜಯಂತಿಗೆ ಮೊದಲು ಗುರುಚರಿತ್ರೆಯ ಸಪ್ತಾಹ ಕೂಡುತ್ತಾರೆ. ನಮ್ಮ ಗಾಣಗಾಪುರದ ಕಥೆಯುಳ್ಳ ಆ ಗ್ರಂಥ ಮರಾಠಿಯಲ್ಲಿದೆ. ಮಾವನವರು ಓದುವುದು ಮರಾಠಿಯಲ್ಲಿ, ನಡುವೆ ಚಹಾ ಕೇಳುವುದು ಕನ್ನಡದಲ್ಲಿ. ಪಾಠಭೇದದಿಂದ ಒಂದು ಹೆಚ್ಚುಕಡಿಮೆಯಾದರೂ ಅವರ ಪೋಥಿಯಲ್ಲಿ ಐವತ್ತೆರಡು ಅಧ್ಯಾಯಗಳು. ಇಂಥ ದಿನ ಇಂಥ ಅಧ್ಯಾಯಕ್ಕೆ ನಿಲ್ಲಬೇಕೆಂಬ ಕಟ್ಟೂ ಇದೆ. ನನ್ನ ವಹಿಯ ಸುದ್ದಿ ಮಗಳಿಂದ ತಿಳಿದ ಅವರು ನಕ್ಕು, “ನಿಮ್ದೂ ಐವತ್ತೆರಡು, ನಮ್ದೂ ಐವತ್ತೆರಡೇ ನೋಡ್ರಿ. ನಿಮ್ದು ವರ್ಷಕ್ಕ, ನಮ್ದು ವಾರಕ್ಕ,” ಎಂದರು. “ಹೋದ ವರ್ಷಾನೂ ಇದನ್ನೇ ಓದಿದ್ರಲ್ರೀ ಮಾವಾ,” ಎಂದೆ. “ಹೋದ ವರ್ಷ ಓದ್ದಾಗ ನಮ್ಮಣ್ಣ ಇದ್ದ. ಈ ವರ್ಷ ಇಲ್ಲ. ಅದೇ ಅಧ್ಯಾಯ ಬ್ಯಾರೇನೇ ಕೇಳಸ್ತದ,” ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ನನ್ನ ವಹಿಯಲ್ಲಿ ಎರಡನೆಯ ಸಲದ ಓದಿಗೆ ಅಂಕವಿಲ್ಲವೆಂಬ ಮಾತನ್ನು ನಾನು ಎತ್ತಲಿಲ್ಲ.

ಇವರೆಲ್ಲರ ಓದಿನಲ್ಲಿ ನನಗೆ ಸಾಮಾನ್ಯವಾಗಿ ಕಂಡ ಸಂಗತಿಗಳು ಎರಡು. ಒಂದು, ಅವರು ಮೊದಲು ದಿನವನ್ನು ಗೊತ್ತುಮಾಡಿ ಆಮೇಲೆ ಗ್ರಂಥವನ್ನು ಅದಕ್ಕೆ ತಕ್ಕಂತೆ ತುಂಡರಿಸಿದ್ದಾರೆ. ನಾವು ಗ್ರಂಥಗಳ ಸಂಖ್ಯೆಯನ್ನು ಗೊತ್ತುಮಾಡಿ ದಿನವನ್ನು ಹುಡುಕುತ್ತೇವೆ. ಎರಡು, ಅಲ್ಲಿ ಓದುವವನೊಂದಿಗೆ ಕೇಳುವವರು ಇದ್ದೇ ಇರುತ್ತಾರೆ. ಒಬ್ಬನೇ ಮೂಲೆಯಲ್ಲಿ ಕುಳಿತು, ತುಟಿ ಅಲುಗಿಸದೆ, ತನಗೆ ತಾನೇ ಅಂಕ ಕೊಟ್ಟುಕೊಂಡು ಓದುವ ನಮ್ಮ ಪದ್ಧತಿ ಇತ್ತೀಚಿನದು; ಅದರಲ್ಲಿಯೂ ನಮ್ಮ ಈ ಭಾಗದಲ್ಲಿ, ಕನ್ನಡದಲ್ಲಿ, ಬಹಳ ಇತ್ತೀಚಿನದು.

ಎಷ್ಟು ಇತ್ತೀಚಿನದೆಂಬುದನ್ನು ಹೇಳಲು ಭಾಲ್ಕಿಗೇ ಹೋಗಬೇಕು. ೧೯೪೮ರ ಸೆಪ್ಟೆಂಬರದವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆಯ ಮಾತು ಉರ್ದು. ಮನೆಯಲ್ಲಿ ಕನ್ನಡವಾಡುವ ಹುಡುಗ ಶಾಲೆಯಲ್ಲಿ ಅಲೀಫ್, ಬೇ ಬರೆಯಬೇಕು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಔರಾದ ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ಒಂದು ತಾಲ್ಲೂಕಾಗಿರುವ ಕಮಲನಗರದವರು ಅವರು. ೧೯೯೯ರಲ್ಲಿ ಲಿಂಗೈಕ್ಯರಾಗುವಾಗ ನೂರು ವರ್ಷ ದಾಟಿದ್ದರು. ಒಂದು ಫಲಕದ ಮರೆಯಲ್ಲಿ ಉಳಿದ ಭಾಷೆ ಇದು. ಬೀದರ ೧೯೫೬ರ ನವೆಂಬರ್ ೧ರಂದು ಕನ್ನಡನಾಡಿಗೆ ಸೇರಿತು. ನಾಲ್ಕು ವರ್ಷಕ್ಕೆ, ೧೯೬೦ರಲ್ಲಿ, ಡಿ. ಎಲ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಇಲ್ಲಿಯೇ ಸಾಹಿತ್ಯ ಸಮ್ಮೇಳನ ನಡೆಯಿತು.

ಆ ಸಮ್ಮೇಳನಕ್ಕೆ ಹೋದ ನಮ್ಮ ಮುತ್ಯಾ ಒಂದು ಪುಸ್ತಕದೊಡನೆ ಮನೆಗೆ ಬಂದರಂತೆ. ಒಂದೇ ಒಂದು, ಸಣ್ಣ ಕಥೆಗಳದು. ಅವರು ಉರ್ದು ಶಾಲೆಯಲ್ಲಿ ಓದಿದವರು. ಕನ್ನಡ ಅವರ ನಾಲಗೆಯಲ್ಲಿತ್ತು, ಕಣ್ಣಿಗೆ ಪರಿಚಯವಿರಲಿಲ್ಲ. ನಮ್ಮ ಅಪ್ಪ ಶಾಲೆಯಿಂದ ಕಲಿತು ಬಂದ ಅಕ್ಷರಗಳನ್ನು ತಾವೂ ಅವನಿಂದಲೇ ಕಲಿತು, ರಾತ್ರಿ ಕಂದೀಲಿನ ಬೆಳಕಿನಲ್ಲಿ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. ಒತ್ತಕ್ಷರ ಬಂದಲ್ಲಿ ನಿಂತು ಅಪ್ಪನ ಮುಖ ನೋಡುವರು. ಆ ಒಂದು ಪುಸ್ತಕ ಮುಗಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಮುಗಿದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದರಂತೆ.

೧೯೮೫ರಲ್ಲಿ ಹಾ. ಮಾ. ನಾಯಕರ ಅಧ್ಯಕ್ಷತೆಯಲ್ಲಿ ಸಮ್ಮೇಳನ ಮತ್ತೆ ಬೀದರಕ್ಕೆ ಬಂದಾಗ ಅಪ್ಪ ಐದು ಪುಸ್ತಕ ತಂದರು, ಐದನ್ನೂ ಓದಿದರು. ೨೦೦೬ರಲ್ಲಿ ಶಾಂತರಸರ ಅಧ್ಯಕ್ಷತೆಯಲ್ಲಿ ಮೂರನೆಯ ಸಲ ನಡೆದಾಗ ನಾನು ರಿಯಾಯಿತಿ ದರದಲ್ಲಿ ಇಪ್ಪತ್ತು ತಂದೆ. ಅದರಲ್ಲಿ ಏಳನ್ನು ಓದಿದ್ದೇನೆ. ಉಳಿದವುಗಳ ಪೈಕಿ ‘ಮದುಮಗಳು’ ಒಂದು. ಕೊಳ್ಳುವ ಶಕ್ತಿ ತಲೆಮಾರಿನಿಂದ ತಲೆಮಾರಿಗೆ ಏರಿದಂತೆ ಓದಿನ ಪ್ರಮಾಣ ಇಳಿದಿರುವುದು ಈ ಅಂಕಿಗಳಿಂದ ಸ್ಪಷ್ಟ. ಇಷ್ಟೇ ಅಲ್ಲ; ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾನೂನಿನಂತೆ ನಾವು ಕಟ್ಟುವ ಮನೆಪಟ್ಟಿಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯದ ಕರವೂ ಸೇರಿರುತ್ತದೆ. ಅಂದರೆ ಓದದ ಪುಸ್ತಕಗಳಿಗೆ ನಾವು ಎರಡು ಕಡೆ ಹಣ ಕೊಡುತ್ತಿದ್ದೇವೆ. ಒಮ್ಮೆ ಅಂಗಡಿಯಲ್ಲಿ, ಒಮ್ಮೆ ನಗರಸಭೆಯಲ್ಲಿ.

ಈಗ ನಮ್ಮ ಮನೆಯಲ್ಲಿ ನಾಲ್ಕನೆಯ ತಲೆಮಾರು ಬೆಳೆಯುತ್ತಿದೆ. ಮಗಳಿಗೆ ಹನ್ನೊಂದು ವರ್ಷ. ಊರಿನ ಬಹುಪಾಲು ಮಕ್ಕಳಂತೆ ಅವಳ ಶಾಲೆಯೂ ಇಂಗ್ಲಿಷಿನದು. ಕನ್ನಡದಲ್ಲಿ ಜಗಳವಾಡುತ್ತಾಳೆ, ಕನ್ನಡದಲ್ಲಿ ನಗುತ್ತಾಳೆ. ಓದು ಎಂದರೆ ಇಂಗ್ಲಿಷು. ಬಾಗಿಲ ಮೇಲೆ ಮನೆಯ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿದ ಮನೆಗಳು ನಮ್ಮ ಓಣಿಯಲ್ಲಿ ಹತ್ತಾದರೂ ಇವೆ. ಒಳಗೆ ಸಂಜೆ ಕನ್ನಡದ ಪುಸ್ತಕ ಹಿಡಿದ ಮಗು ಯಾವ ಮನೆಯಲ್ಲಿದೆಯೆಂದು ಕೇಳಿದರೆ ಉತ್ತರ ತಡವರಿಸುತ್ತದೆ. ಒಂದು ಕಾಲಕ್ಕೆ ಹೊರಗಿನ ಫಲಕ ಉರ್ದು, ಒಳಗಿನ ಓದು ಕನ್ನಡ. ಈಗ ಹೊರಗಿನ ಫಲಕ ಕನ್ನಡ. ಯಾವ ನಿಜಾಮನ ಅಪ್ಪಣೆಯೂ ಇಲ್ಲದೆ ಇದು ಆಗಿದೆ.

ಅಕ್ಟೋಬರದ ರಜೆಯಲ್ಲಿ ಕಪಾಟು ಒರೆಸುವಾಗ ಮುತ್ಯಾನ ಕಥೆಪುಸ್ತಕ ಅವಳ ಕೈಗೆ ಸಿಕ್ಕಿತು. ರಟ್ಟು ಹೋಗಿದೆ, ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಉರ್ದು ಬರಹ. ಕಠಿಣ ಶಬ್ದ ಬಂದಲ್ಲಿ ಮುತ್ಯಾ ಅದರ ಉಚ್ಚಾರವನ್ನು ತಮಗೆ ಬರುವ ಲಿಪಿಯಲ್ಲಿ ಬರೆದುಕೊಂಡಿದ್ದಾರೆ. ‘ಇದೇನು ಗೀಚಿದ್ದು?’ ಎಂದು ಕೇಳಿದಳು. ಹೇಳಿದೆ. ಅಂದಿನಿಂದ ಆ ಗೀಚು ಇದ್ದ ಪುಟಗಳನ್ನು ಹುಡುಕುವುದೇ ಅವಳಿಗೊಂದು ಆಟವಾಯಿತು. ಹುಡುಕಿದ ಮೇಲೆ ಅಲ್ಲಿಯ ಸಾಲು ಓದಬೇಕು, ಓದಲು ಬೆರಳಿಡಬೇಕು, ಒತ್ತಕ್ಷರ ಬಂದಲ್ಲಿ ನಿಂತು ನನ್ನ ಮುಖ ನೋಡಬೇಕು. ರಾತ್ರಿ ಊಟದ ನಂತರ ಅರ್ಧ ಪುಟ, ಕೆಲವೊಮ್ಮೆ ಒಂದು ಪುಟ. ನನ್ನ ಒಂದೂವರೆ ಗಂಟೆಯಲ್ಲಿ ಮುಕ್ಕಾಲು ಪಾಲು ಅಲ್ಲಿಗೆ ಹೋಗತೊಡಗಿತು. ಅಕ್ಟೋಬರದಿಂದ ಡಿಸೆಂಬರದವರೆಗೆ ವಹಿಯಲ್ಲಿ ನಾಲ್ಕೇ ಪುಸ್ತಕ ಏರಿದುದಕ್ಕೆ ಇದೇ ಮುಖ್ಯ ಕಾರಣ.

ವರ್ಷದ ಕೊನೆಗೆ ಮೊತ್ತ ಹಾಕಿದೆ: ಇಪ್ಪತ್ತಮೂರು. ನೂರಕ್ಕೆ ನಲವತ್ತನಾಲ್ಕು. ನಮ್ಮ ಕಾಲದ ಶಾಲೆಯಲ್ಲಿ ಇದಕ್ಕೆ ಪಾಸೆನ್ನುತ್ತಿದ್ದರು. ಮಗಳ ಪಾಲಿನ ನಲವತ್ತು ಪುಟಗಳನ್ನು ಎಲ್ಲಿ ಬರೆಯಬೇಕೆಂಬುದೊಂದು ತೊಡಕು ಉಳಿಯಿತು. ಪುಸ್ತಕ ಮುಗಿದಿಲ್ಲವಾದುದರಿಂದ ಅಂಕವಿಲ್ಲ. ಓದಿದವನು ನಾನಲ್ಲವಾದುದರಿಂದ ನನ್ನ ಖಾತೆಗೆ ಬರುವಂತಿಲ್ಲ. ಆದರೂ ಆ ವರ್ಷ ನಮ್ಮ ಮನೆಯಲ್ಲಿ ನಡೆದ ಓದು ಯಾವುದೆಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ನಲವತ್ತು ಪುಟಗಳೇ. ಲೆಕ್ಕದವನಿಗೆ ಇಂಥ ಬಾಬು ಬಂದರೆ ಹೊಸ ಕಲಮನ್ನೇ ತೆರೆಯುವುದು ಪದ್ಧತಿ.

ಈ ವರ್ಷದ ವಹಿಯಲ್ಲಿಯೂ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ‘೫೨’ ಎಂದೇ ಬರೆದಿದ್ದೇನೆ. ಅಂಕಿಯನ್ನು ಇಳಿಸಿದರೆ ಸತ್ಪುರುಷನಿಗೆ ಅವಮಾನವಾದೀತೆಂಬ ಭಯವುಂಟು. ಆದರೆ ಈ ಸಲದ್ದು ಪುಸ್ತಕಗಳ ಲೆಕ್ಕವಲ್ಲ, ವಾರಗಳದು. ಪ್ರತಿ ಭಾನುವಾರ ಸಂಜೆ ಯಾರಾದರೊಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಓದಿದವರ ಹೆಸರು, ನಿಂತ ಪುಟ ಇಷ್ಟನ್ನು ಬರೆಯಬೇಕು. ಔರಾದಕ್ಕೆ ಹೋದ ಭಾನುವಾರ ಮಾವನವರ ಸರದಿ. ಲಗ್ನಗಳ ಎರಡು ತಿಂಗಳು ಹೇಗೋ ನೋಡಬೇಕು. ವಾರದ ಉಳಿದ ದಿನಗಳಲ್ಲಿ ನನ್ನ ಓದು ನನ್ನದು. ‘ಮಲೆಗಳಲ್ಲಿ ಮದುಮಗಳು’ ಕಪಾಟಿನಿಂದ ಕೆಳಗಿಳಿದು ಬಂದಿದೆ. ರೈಲಿನಲ್ಲಿ ಅದನ್ನು ಹಿಡಿದು ಕುಳಿತರೆ ಅದರ ಗಾತ್ರ ಕಂಡು ಹುಡುಗರು ಪರೀಕ್ಷೆ ಬಹಳ ದೊಡ್ಡದಿರಬೇಕೆಂದುಕೊಂಡು ಸುಮ್ಮನಾಗುತ್ತಾರೆ. ಸದ್ಯ ೨೧೪ನೆಯ ಪುಟದಲ್ಲಿದ್ದೇನೆ. ಯುಗಾದಿಯೊಳಗೆ ಮುಗಿಯುವ ಲಕ್ಷಣವಿಲ್ಲ.